ಹೋಲಿಕೆಗೆ ಒಂದು ಮಗು

ಒಂದು ಮಗು ಮರದ ತುಂಡುಗಳನ್ನು ಪೇರಿಸುವುದನ್ನು ನೋಡಲು ಇಷ್ಟು ದೊಡ್ಡ ಆಸ್ಪತ್ರೆ ಕಟ್ಟಡ, ಇಷ್ಟು ಜನ ಓದಿದವರು, ಇಷ್ಟು ತಣ್ಣಗಿನ ಗಾಳಿ ಬೇಕೇ ಎಂದು ಅವಳಿಗೆ ಪ್ರತಿ ಸಲವೂ ಅನ್ನಿಸುತ್ತಿತ್ತು, ಈ ಸಲವೂ ಅನ್ನಿಸಿತು. ಗಾಜಿನ ಕಿಂಡಿಯ ಆಚೆ ಮಗ ಕೂತಿದ್ದ. ಅವನ ಎದುರು, ಮಕ್ಕಳ ಕುರ್ಚಿಯಲ್ಲಿ ತನ್ನ ಉದ್ದ ಕಾಲುಗಳನ್ನು ಹೇಗೋ ಮಡಚಿಕೊಂಡು, ಬ್ಲಾಕ್ ಮೇಡಂ. ಆ ತುಂಡುಗಳಿಗೆ ಬ್ಲಾಕ್ ಅನ್ನುತ್ತಾರೆಂದು ಆ ಹೆಸರಿಟ್ಟವನು ಮಗನೇ, ಇನ್ನೂ ತೊದಲು ಮಾತಾಡುತ್ತಿದ್ದಾಗ. ಬ್ಲಾಕ್ ಮೇಡಂಗೆ ಎಲ್ಲವೂ ವೆರಿ ಗುಡ್. ತುಂಡು ನಿಂತರೂ ವೆರಿ ಗುಡ್, ಬಿದ್ದರೂ ವೆರಿ ಗುಡ್, ಮಗು ಮೂಗಿಗೆ ಬೆರಳು ಹಾಕಿದರೂ ವೆರಿ ಗುಡ್. ಹಾಗಂದು ಕಾಗದದಲ್ಲಿ ಏನೋ ಗೀಚುತ್ತಾಳೆ, ಗೀಚಿದ್ದಕ್ಕೆ ಅಂಗೈ ಅಡ್ಡ ಇಡುತ್ತಾಳೆ. ಇಂಥವಳನ್ನು ಗಾರ್ಮೆಂಟ್ಸಿನಲ್ಲಿ ತನ್ನ ಚೆಕಿಂಗ್ ಟೇಬಲ್ಲಿನ ಮುಂದೆ ಅರ್ಧ ದಿನ ನಿಲ್ಲಿಸಿದರೆ ಕಾಲರ್ ಸೊಟ್ಟಗಿರುವ ಅಂಗಿಗೂ ವೆರಿ ಗುಡ್ ಅಂದು ಇಡೀ ಲಾಟನ್ನು ಹಾಳು ಮಾಡಿಯಾಳು. ಸುತ್ತ ಬೆಂಚುಗಳಲ್ಲಿ ಕಾಯುತ್ತಿದ್ದ ತಂದೆತಾಯಂದಿರನ್ನು ಕಂಡರಂತೂ ಅವಳಿಗೆ ಇನ್ನೂ ತಾತ್ಸಾರ. ಒಬ್ಬಾಕೆ ತನ್ನ ಮಗ ಯಾವಾಗ ಮಗುಚಿಕೊಂಡ, ಯಾವಾಗ ಅಂಬೆಗಾಲಿಟ್ಟ ಎಂದು ಪಕ್ಕದವಳಿಗೆ ಪಾಠ ಒಪ್ಪಿಸುತ್ತಿದ್ದಳು. ಪಕ್ಕದವಳು ಅದು ಮುಗಿಯುವುದನ್ನೇ ಕಾಯುತ್ತಿದ್ದಳು, ತನ್ನದನ್ನು ಶುರು ಮಾಡಲು. ಹೆತ್ತವರಿಗೆ ಹೆಗ್ಗಣ ಮುದ್ದು. ಇಲ್ಲಿ ಬಂದ ಮಕ್ಕಳಿಗೆಲ್ಲ ಹುಟ್ಟುವ ಮೊದಲೇ, ತಾಯಿಯ ಹೊಟ್ಟೆಯೊಳಗಿದ್ದಾಗಲೇ, ಹೊಕ್ಕುಳಬಳ್ಳಿಗೆ ಸೂಜಿ ಚುಚ್ಚಿ ಯಾರದೋ ರಕ್ತ ಕೊಟ್ಟಿದ್ದರು. ಕೊಟ್ಟಿದ್ದಕ್ಕೆ ಬದುಕಿದ್ದವು. ಬದುಕಿದ್ದಾಯಿತು, ಬುದ್ಧಿ ಬೆಳೆದಿದೆಯೇ, ಕೈಕಾಲು ಹೇಳಿದ ಮಾತು ಕೇಳುತ್ತವೆಯೇ, ಕಿವಿ ಕಣ್ಣು ನೆಟ್ಟಗಿವೆಯೇ ಎಂದು ಆಗಾಗ ಕರೆಸಿ ನೋಡುತ್ತಿದ್ದರು. ಇವತ್ತು ಅವಳ ಮಗನಿಗೆ ಕೊನೆಯ ಸಲ. ಇವತ್ತು ಸರಿ ಅಂದರೆ ಜನ್ಮಕ್ಕೆ ಸರಿ. ಇಲ್ಲ ಅಂದರೆ ಏನು ಎನ್ನುವ ಕಡೆ ಅವಳ ಮನಸ್ಸು ಹೋಗಿ ಹೋಗಿ ವಾಪಸು ಬರುತ್ತಿತ್ತು. ಬಂದ ಸಿಟ್ಟನ್ನು ಅವಳು ಬ್ಲಾಕ್ ಮೇಡಂ ಮೇಲೆ ತೀರಿಸಿಕೊಳ್ಳುತ್ತಿದ್ದಳು.

ಪಕ್ಕದಲ್ಲಿ ಸಪ್ಪಳವಾಯಿತು. ಮಕ್ಕಳಲ್ಲಿ ದೊಡ್ಡವಳು ಬಾಟಲಿಯಿಂದ ಮುಚ್ಚಳಕ್ಕೆ ನೀರು ಬಗ್ಗಿಸಲು ಹೋಗಿ ತನ್ನ ಲಂಗದ ಮೇಲೆ ಬಗ್ಗಿಸಿಕೊಂಡಿದ್ದಳು. ಹನ್ನೆರಡು ತುಂಬಿದ ಹುಡುಗಿ. "ಕೊಡು ಇಲ್ಲಿ," ಎಂದು ಅವಳು ಬಾಟಲಿ ಕಿತ್ತುಕೊಂಡಳು. "ಇಷ್ಟು ಜನರ ಮುಂದೆ ಮಾನ ಕಳೀಬೇಡ. ಕೈಗೇನು ಲಕ್ವ ಹೊಡೆದಿದ್ಯಾ?" ಮಗಳು ಏನೂ ಹೇಳದೆ ಒದ್ದೆ ಲಂಗವನ್ನು ಮಡಚಿ ಕಾಲಡಿ ಸಿಕ್ಕಿಸಿಕೊಂಡಳು. ಹೇಳುವುದೇ ಇಲ್ಲ ಅದು. ಬೈದರೆ ಗೋಡೆಗೆ ಬೈದ ಹಾಗೆ. ಮನೆಯಲ್ಲಿ ಹಾಲು ಬಗ್ಗಿಸಿದರೆ ಲೋಟದ ಪಕ್ಕಕ್ಕೆ, ಸೂಜಿಗೆ ದಾರ ಪೋಣಿಸು ಎಂದರೆ ಹಗಲೆಲ್ಲ ಅದೇ ಕೆಲಸ, ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲಲ್ಲಿ ಒಂದು ತಡಕಾಟ, ಶಾಲೆಯಲ್ಲಿ ಚೆಂಡು ಎಸೆದರೆ ಅದು ಮುಖಕ್ಕೆ ಬಡಿದ ಮೇಲೆ ಕೈ ಎತ್ತುವುದು. ತಮ್ಮ ಅವಳಿಗೆ ಚೆಲ್ಲಕ್ಕ ಎಂದು ಹೆಸರಿಟ್ಟಿದ್ದ. ಮೊದಲ ಸಲ ಆ ಮಾತು ಬಂದಾಗ ಇಡೀ ಮನೆ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಮಗನಿಗೆ ಎರಡು ಮಾತು ಕೂಡಿಸಿ ಹೊಸ ಮಾತು ಮಾಡಲು ಬರುತ್ತದೆ, ಅಂದರೆ ತಲೆ ಸರಿಯಿದೆ ಎಂದು ಅವಳು ನಗುತ್ತಲೇ ಒಳಗೊಳಗೆ ಲೆಕ್ಕ ಹಾಕಿದ್ದಳು. ದೊಡ್ಡವಳೂ ನಕ್ಕಿದ್ದಳು. ಗಂಡ ಮಾತ್ರ, ಯಾವಾಗಲೋ ಒಮ್ಮೆ ಒದ್ದೆ ಮೇಜು ಒರೆಸುತ್ತಾ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯಲ್ಲೇ," ಅಂದಿದ್ದ. ಅವನಿಗೇನು, ಕೆಟ್ಟ ಲಿಫ್ಟುಗಳ ಗುಂಡಿಗಿಳಿದು ದಿನ ಕಳೆಯುವವನು, ಮನೆಗೆ ಬಂದು ಗಾದೆ ಹೇಳುವುದು ಸುಲಭ. ಎಮ್ಮೆಯನ್ನು ಶಾಲೆಗೆ ಹೊರಡಿಸುವವಳು ತಾನು, ಅದು ಚೆಲ್ಲಿದ್ದನ್ನು ಒರೆಸುವವಳು ತಾನು. ಚಿಕ್ಕವನು ಚೆಲ್ಲಿದರೆ ಮಾತ್ರ ಅವಳು ಒರೆಸುತ್ತಿರಲಿಲ್ಲ. ಉಸಿರು ಹಿಡಿದು ಅವನ ಕೈಯನ್ನೇ ನೋಡುತ್ತಿದ್ದಳು, ಬೆರಳು ನಡುಗಿತೇ, ಜಾರಿತೇ, ಮತ್ತೆ ಹಿಡಿ ನೋಡೋಣ, ಇನ್ನೊಂದು ಸಲ ಹಿಡಿ ಕಂದ.

ಇವನಿನ್ನೂ ಹೊಟ್ಟೆಯಲ್ಲಿದ್ದಾಗ ಅವಳನ್ನು ಮಲಗಿಸಿದ್ದ ಆ ಕೋಣೆ ಕತ್ತಲಾಗಿತ್ತು, ಪರದೆಯ ಬೂದು ಬೆಳಕು ಬಿಟ್ಟರೆ. ಹೊಟ್ಟೆಯ ಮೇಲೆ ತಣ್ಣನೆಯ ಲೋಳೆ. ಅಲುಗಾಡಬೇಡಿ ಎಂದಿದ್ದರು, ಅಲುಗಾಡಲಿಲ್ಲ. ಉಸಿರಾಡಬಹುದು ಅಂದ ಮೇಲೂ ಅವಳು ಉಸಿರಾಡಲು ಹೆದರಿದ್ದಳು. ದೊಡ್ಡ ಡಾಕ್ಟರು ಪರದೆಯನ್ನೇ ನೋಡುತ್ತಾ ಉದ್ದನೆಯ ಸೂಜಿ ಇಳಿಸಿದರು. ತಲೆಯ ಪಕ್ಕದ ಕೊಕ್ಕೆಯಲ್ಲಿ ಒಂದು ಪುಟ್ಟ ಚೀಲ, ಅದರಲ್ಲಿ ಯಾರದೋ ರಕ್ತ. ಯಾರದೆಂದು ಕೇಳಿದರೆ ಹೇಳುವುದಿಲ್ಲ. ಆಮೇಲೆ ತಿಂಗಳುಗಟ್ಟಲೆ ಬಸ್ಸಿನಲ್ಲಿ ಎದುರು ಕೂತವರ ತೋಳು ನೋಡುತ್ತಿದ್ದಳು, ಈ ದಡಿಯನದಿರಬಹುದೇ, ಈ ಎಲೆ ಉಗಿಯುವವನದಿರಬಹುದೇ. ಮತ್ತೆ ಮತ್ತೆ ಆ ಕತ್ತಲ ಕೋಣೆ, ಮತ್ತೆ ಮತ್ತೆ ಆ ಸೂಜಿ. ಹೊಟ್ಟೆಯಲ್ಲಿದ್ದವನ ಸ್ವಂತದ್ದು ಎಂದು ಅವನ ಮೈಯಲ್ಲಿ ಕೊನೆಗೆ ಎಷ್ಟು ಉಳಿದಿತ್ತೋ. ಹೊರಗೆ ಗಂಡ ಅಳುತ್ತಿದ್ದ. ಮುಖ ಮುಚ್ಚಿಕೊಂಡು, ಭುಜ ಕುಣಿಸಿಕೊಂಡು, ಗಂಡಸು ಹಾಗೆ ಅತ್ತಾಗ ನರ್ಸುಗಳೆಲ್ಲ ಅವನ ಸುತ್ತ ಸೇರಿ ನೀರು ಕೊಟ್ಟಿದ್ದರು. ಹೊಟ್ಟೆ ಚುಚ್ಚಿಸಿಕೊಂಡು ಬಂದವಳು ತನ್ನ ಚಪ್ಪಲಿ ತಾನೇ ಹುಡುಕಿಕೊಂಡಿದ್ದಳು. ಆ ದಿನವೇ ದೊಡ್ಡ ಡಾಕ್ಟರು ಚೀಟಿಯ ಹಿಂದೆ ಮಗುವಿಗೊಂದರಂತೆ ಎರಡು ಸೊನ್ನೆ ಬರೆದು ತಿಳಿಸಿ ಹೇಳಿದ್ದು. ನೋಡೀಮ್ಮ, ನಿಮ್ಮ ರಕ್ತದ ಜಾತಿ ಬೇರೆ, ನಿಮ್ಮ ಮಕ್ಕಳದು ಬೇರೆ. ಮೊದಲ ಮಗು ಹುಟ್ಟುವಾಗ ಅದರ ರಕ್ತ ಒಂದಿಷ್ಟು ನಿಮ್ಮೊಳಗೆ ಸೇರಿದೆ. ನಿಮ್ಮ ಮೈ ಅದನ್ನು ಶತ್ರು ಅಂದುಕೊಂಡು ಸೈನ್ಯ ಕಟ್ಟಿದೆ. ಈಗ ಎರಡನೇ ಮಗುವಿನ ರಕ್ತವನ್ನು ಅದೇ ಸೈನ್ಯ ಕೊಲ್ಲುತ್ತಿದೆ. ಮೊದಲ ಹೆರಿಗೆಯಾದ ಕೂಡಲೇ ಒಂದು ಇಂಜೆಕ್ಷನ್ ಕೊಟ್ಟಿದ್ದರೆ ಇದಾಗುತ್ತಿರಲಿಲ್ಲ. ಕೊಡಲಿಲ್ಲವೇ? ಯಾರೂ ಹೇಳಲಿಲ್ಲವೇ? ಯಾರೂ ಹೇಳಲಿಲ್ಲ ಎಂದು ಅವಳು ಅಂದಳು. ಹೇಳಿದ್ದರೇನೋ. ಮಗು ಪಕ್ಕದಲ್ಲಿ ಕಿರುಚುತ್ತಿದ್ದಾಗ ಯಾರೋ ಬಿಳಿ ಬಟ್ಟೆಯವಳು ಏನೋ ಹೇಳಿ ಹೋಗಿದ್ದಳು, ಅದು ಇದೇ ಇರಬಹುದು, ಹಾಲಿನ ಬಿಲ್ಲೂ ಇರಬಹುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಅವಳು ಆವತ್ತಿನಿಂದ ಆ ಮಾತನ್ನು ತಡಕುತ್ತಲೇ ಇದ್ದಳು, ಸಿಕ್ಕಿರಲಿಲ್ಲ.

ಆ ಎರಡು ಸೊನ್ನೆಗಳಲ್ಲಿ ಒಂದರ ಮೇಲೆ ಡಾಕ್ಟರು ಮೊದಲನೇದು ಎಂದು ಬರೆದಿದ್ದರು. ಅವಳಿಗೆ ಅರ್ಥವಾದದ್ದು ಅಷ್ಟೇ, ಅಥವಾ ಬೇಕಾದದ್ದು ಅಷ್ಟೇ. ಮೊದಲನೇದು ಬರುವಾಗ ಏನೋ ಬಿಟ್ಟು ಬಂದಿದೆ. "ಚೊಚ್ಚಲು ಮನೆ ತುಂಬತ್ತೆ ಅಂತಾರೆ," ಎಂದು ಅತ್ತೆ ಬದುಕಿದ್ದಾಗ ನೆರೆಮನೆಯವರ ಮುಂದೆ ಅಂದಿದ್ದರು, "ನಮ್ಮ ಸೊಸೆಯ ಚೊಚ್ಚಲು ಹಿಂದೆ ಬರೋರಿಗೆ ಬಾಗಿಲು ಹಾಕ್ಕೊಂಡು ಬಂತು." ಆಗ ಅವಳು ಅತ್ತೆಯ ಜೊತೆ ವಾರಗಟ್ಟಲೆ ಮಾತು ಬಿಟ್ಟಿದ್ದಳು. ಮುದುಕಿಯ ಬಾಯಿಗೆ ಹುಳ ಬೀಳ ಎಂದು ಶಪಿಸಿದ್ದಳು. ಆದರೆ ಮಾತು ಮಾತ್ರ ಒಳಗೆ ಕೂತು ಬೇರು ಬಿಟ್ಟಿತ್ತು. ಪುಟ್ಟ ಹುಡುಗಿ ಮಣ್ಣು ಮೆತ್ತಿದ ಕೈಯಲ್ಲಿ ಬಂದು ತಬ್ಬಿಕೊಂಡರೆ, ನೀನೇ ಅಲ್ವೇನೇ, ಎಂದು ಒಂದು ಕ್ಷಣ ಅನ್ನಿಸಿಬಿಡುತ್ತಿತ್ತು. ಆ ಅನ್ನಿಸುವಿಕೆಗೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು, ಹೇಸಿಗೆಯಾದದ್ದಕ್ಕೆ ಹುಡುಗಿಯ ಕೈಯನ್ನು ಇನ್ನಷ್ಟು ಜೋರಾಗಿ ಬಿಡಿಸುತ್ತಿದ್ದಳು. ಹೋಗು, ಕೈ ತೊಳಿ. ಈಗ ಬೆಂಚಿನ ಮೇಲೆ ಕೂತ ಇವಳು ಚಿಕ್ಕವನ ಚೀಲ, ಚಿಕ್ಕವನ ಟೋಪಿ, ಚಿಕ್ಕವನ ಬಿಸ್ಕತ್ತಿನ ಪೊಟ್ಟಣ ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡಿದ್ದಳು. ಪ್ರತಿ ಸಲವೂ ಹಾಗೇ. ತಮ್ಮನ ಕಣ್ಣಿಗೆ ಬೆಳಕು ಬಿಟ್ಟು ನೋಡುವಾಗ, ತಮ್ಮನ ಕಿವಿಗೆ ಯಂತ್ರ ಹಾಕಿ ಕೀ ಅನ್ನಿಸುವಾಗ, ತಮ್ಮನನ್ನು ಒಂಟಿ ಕಾಲಿನಲ್ಲಿ ನಿಲ್ಲಿಸುವಾಗ, ಇವಳು ಹೊರಗೆ ಚೀಲ ಕಾಯುತ್ತಿದ್ದಳು. ಮನೆಯಲ್ಲಿ ಬಿಟ್ಟು ಬರಲು ಯಾರಿದ್ದಾರೆ.

ಈ ಸಲ ಇವಳನ್ನೂ ಕರೆದಿದ್ದರು ಎನ್ನುವುದೇ ತಮಾಷೆ. ಬ್ಲಾಕ್ ಮೇಡಂ ಫೋನಿನಲ್ಲಿ ಬೆಣ್ಣೆ ಸವರಿದ ದನಿಯಲ್ಲಿ, "ಹೋಲಿಕೆಗೆ ಒಂದು ಮಗು ಬೇಕಿತ್ತು, ರಕ್ತ ತಗೊಳ್ಳದೇ ಇರೋ ಒಡಹುಟ್ಟು ಇದ್ರೆ ಒಳ್ಳೇದು, ಒಂದೇ ಮನೆ, ಒಂದೇ ಊಟ, ಒಂದೇ ತಂದೆತಾಯಿ ಅಲ್ವಾ," ಅಂದಿದ್ದಳು. ಕೇಳಿಸಿಕೊಂಡವಳಿಗೆ ಜೋರಾಗಿ ನಗು ಬಂದಿತ್ತು. ಯಾರನ್ನು ಯಾರಿಗೆ ಹೋಲಿಸುವುದು? ಚೆಲ್ಲಕ್ಕನನ್ನು ಪಕ್ಕದಲ್ಲಿ ಕೂರಿಸಿದರೆ ಯಾವ ಮಗುವಾದರೂ ಜಾಣನಾಗಿ ಕಂಡೀತು. ಒಳ್ಳೆಯದೇ ಆಯಿತು ಎಂದುಕೊಂಡಿದ್ದಳು, ಈ ದಡ್ಡಿಯಿಂದ ತಮ್ಮನಿಗೆ ಇಷ್ಟಾದರೂ ಉಪಕಾರವಾಗಲಿ. ಹೋಲಿಸುವ ಕೆಲಸದ ಬಗ್ಗೆ ಅವಳಿಗೆ ಪಾಠ ಹೇಳುವುದು ಬೇಕಿರಲಿಲ್ಲ. ಚೆಕಿಂಗ್ ಟೇಬಲ್ಲಿನ ಪಕ್ಕ ಒಂದು ಸ್ಯಾಂಪಲ್ ಪೀಸ್ ತೂಗುಹಾಕಿರುತ್ತಾರೆ, ಮೊಹರು ಮಾಡಿದ ಚೀಟಿ ಕಟ್ಟಿ. ಬಂದ ಅಂಗಿಯನ್ನೆಲ್ಲ ಅದರ ಜೊತೆ ಹಿಡಿದು ನೋಡಬೇಕು, ಹೊಲಿಗೆ ಬಿಟ್ಟ ಕಡೆ ಬಾಣದ ಸ್ಟಿಕರ್ ಅಂಟಿಸಬೇಕು. ಗಾರ್ಮೆಂಟ್ಸಿನಲ್ಲಿ ಅವಳಿಗೆ ಭೂತಗನ್ನಡಿ ಎಂದೇ ಹೆಸರು. ಒಮ್ಮೆ ಒಂದು ಇಡೀ ಲಾಟು ಆಲ್ಟರಿಗೆ ವಾಪಸು ಹೋಯಿತು, ಬಲಗಡೆಯ ಜೇಬು ಮೇಲಿದೆ ಎಂದು. ಟೈಲರುಗಳು ಬಾಯಿಗೆ ಬಂದಂತೆ ಬೈದುಕೊಂಡು ಬಿಚ್ಚಿ, ಇಳಿಸಿ, ಮತ್ತೆ ಹೊಲಿದರು. ಆಮೇಲೆ ನೋಡಿದರೆ ಲಾಟು ಸರಿಯೇ ಇತ್ತು, ಸ್ಯಾಂಪಲ್ಲಿನ ಜೇಬೇ ಕೆಳಗಿತ್ತು. ಸೂಪರ್‌ವೈಸರ್ ಕೈಕೈ ಹಿಸುಕಿಕೊಂಡು, ಸ್ಯಾಂಪಲನ್ನು ಯಾರಾದ್ರೂ ಚೆಕ್ ಮಾಡ್ತಾರೇನ್ರೀ, ಎಂದು ಗೋಗರೆದಿದ್ದ. ಆ ಮೂರ್ಖನ ಮುಖ ನೆನೆದರೆ ಅವಳಿಗೆ ಈಗಲೂ ಖುಷಿ. ಮನೆಯಲ್ಲಿ ಅದನ್ನು ಅಭಿನಯಿಸಿ ತೋರಿಸಿದ್ದಳು, ದೊಡ್ಡವಳು ನಗುವುದನ್ನು ಮರೆತು, "ಹಾಗಾದ್ರೆ ಸರಿಯಾಗಿದ್ದ ಅಂಗಿಗಳಿಗೆ ಏನೂ ಗೊತ್ತಾಗಲೇ ಇಲ್ವಾ ಅಮ್ಮ?" ಎಂದು ಕೇಳಿದ್ದಳು. ಎಂಥ ಪ್ರಶ್ನೆ. ಅಂಗಿಗೇನು ಗೊತ್ತಾಗುತ್ತದೆ, ನಿನ್ನ ತಲೆ.

ಬಾಗಿಲು ತೆರೆದು ಬ್ಲಾಕ್ ಮೇಡಂ ಕರೆದಳು. ಒಳಗೆ ದೊಡ್ಡ ಡಾಕ್ಟರೂ ಇದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವಳು ಕುರ್ಚಿಯ ತುದಿಯಲ್ಲಿ ಕೂತಳು, ಕಾಲಿನ ಬೆರಳುಗಳು ಚಪ್ಪಲಿಯನ್ನು ಕಚ್ಚಿ ಹಿಡಿದಿದ್ದವು. ಇಷ್ಟು ವರ್ಷ ಇವರೆಲ್ಲ ಮಾತಾಡಿದ್ದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಸದ್ಯಕ್ಕೆ ತೊಂದರೆ ಕಾಣುತ್ತಿಲ್ಲ, ನೋಡೋಣ, ಬೆಳೆಯಲಿ, ಇನ್ನೊಂದು ಸಲ ಬನ್ನಿ. ಇವತ್ತೂ ಅದನ್ನೇ ಹೇಳಿದರೆ ಈ ಮೇಜು ಎತ್ತಿ ಹಾಕುತ್ತೇನೆ ಎಂದು ಅವಳು ನಿಜವಾಗಿಯೂ ಯೋಚಿಸಿದಳು. ಡಾಕ್ಟರು ಕಾಗದಗಳನ್ನು ಮಗುಚಿ, ಕನ್ನಡಕ ತೆಗೆದು, "ಚೆನ್ನಾಗಿದಾನಮ್ಮ," ಅಂದರು. "ಬುದ್ಧಿ, ಮಾತು, ಕೈಕಾಲು, ಕಿವಿ, ಕಣ್ಣು ಎಲ್ಲ ವಯಸ್ಸಿಗೆ ತಕ್ಕ ಹಾಗೆ ಇದೆ. ಇನ್ನು ಅವನನ್ನು ಕರ್ಕೊಂಡು ಬರೋದು ಬೇಡ. ಬೇರೆ ಮಕ್ಕಳ ಥರ ಬಿಟ್ಬಿಡಿ." ಬ್ಲಾಕ್ ಮೇಡಂ ವೆರಿ ಗುಡ್ ಅಂದಳು. ಅವಳು ಅಳುತ್ತಾಳೆಂದು ಇಬ್ಬರೂ ಕಾದರು. ಬ್ಲಾಕ್ ಮೇಡಂ ಕಾಗದದ ಕರವಸ್ತ್ರದ ಡಬ್ಬಿಯನ್ನು ಮುಂದೆ ತಳ್ಳಿದಳು. ಅವಳಿಗೆ ಅಳು ಬರಲಿಲ್ಲ. ಹೊಟ್ಟೆಯಲ್ಲಿದ್ದ ಕಲ್ಲು ಇಳಿದ ಜಾಗ ಬರಿದಾಗಿತ್ತು, ಅಷ್ಟೇ. ಇಷ್ಟೇ ಏನು? ಎಂಟು ವರ್ಷ ಇವನು ಎಡವಿದಾಗಲೆಲ್ಲ ಸತ್ತು ಹುಟ್ಟಿದ್ದು, ನಿದ್ದೆಯಲ್ಲಿ ಇವನ ಉಸಿರು ಎಣಿಸಿದ್ದು, ಎಲ್ಲ ಬೇರೆ ಮಕ್ಕಳ ಥರ ಇರುವವನಿಗಾಗಿಯೇ? ಹೊರಗೆ ಬಂದು ಗಂಡನಿಗೆ ಫೋನ್ ಮಾಡಿದಳು. "ನಾನು ಮೊದಲೇ ಹೇಳಿರ್ಲಿಲ್ವಾ," ಎಂದು ಅವನು ಲಿಫ್ಟಿನ ಗುಂಡಿಯಿಂದ ಕೂಗಿದ, ಕೂಗುತ್ತಲೇ ಅತ್ತ. ಮೊದಲೇ ಹೇಳಿದ್ದನಂತೆ. ಹೇಳಿದ್ದರೆ ಆವತ್ತು ಯಾಕೆ ಅತ್ತಿರಿ, ಈಗ ಯಾಕೆ ಅಳ್ತೀರಿ ಎಂದು ಕೇಳಬೇಕೆನ್ನಿಸಿತು. "ಸಂಜೆ ಬೇಗ ಬನ್ನಿ," ಎಂದಷ್ಟೇ ಹೇಳಿ ಇಟ್ಟಳು. ಮಗ ಓಡಿ ಬಂದು ಚೀಲಕ್ಕೆ ಕೈ ಹಾಕಿ ಬಿಸ್ಕತ್ತು ತೆಗೆದ. ಚೀಲ ಬೆಂಚಿನ ಮೇಲೆ ಒಂಟಿಯಾಗಿತ್ತು. ದೊಡ್ಡವಳನ್ನು ಯಾವಾಗಲೋ ಕಣ್ಣಿನ ಕೋಣೆಗೆ ಕರೆದುಕೊಂಡು ಹೋಗಿದ್ದರು.

"ಈ ಮಗೂನ ಅಮ್ಮ ಯಾರು?" ಎಂದು ಕಾರಿಡಾರಿನ ಆ ತುದಿಯಿಂದ ಒಬ್ಬ ಇಣುಕಿದ. ಕಣ್ಣು ನೋಡುವವನು, ನಿವೃತ್ತಿಗೆ ಬಂದ ಮನುಷ್ಯ, ತೋಳಿನ ಗುಂಡಿ ಒಂದು ಕಳಚಿತ್ತು. ಅದೇ ಅವಳಿಗೆ ಮೊದಲು ಕಂಡದ್ದು. ಏನು ಒಡೆದು ಹಾಕಿದಳಪ್ಪ ಎಂದುಕೊಂಡೇ ಅವಳು ಹೋದಳು. ಒಳಗೆ ಮಗಳು ಎತ್ತರದ ಕುರ್ಚಿಯಲ್ಲಿ ಕಾಲು ಜೋಡಿಸಿ ಕೂತಿದ್ದಳು, ಶಾಲೆಯಲ್ಲಿ ಶಿಕ್ಷೆಗೆ ಕೂತವರ ಹಾಗೆ ಬೆನ್ನು ನೆಟ್ಟಗೆ. ಎದುರಿನ ಗೋಡೆಯಲ್ಲಿ ಬೆಳಗುವ ಹಲಗೆ, ಅದರ ಮೇಲೆ ದೊಡ್ಡದರಿಂದ ಸಣ್ಣದಾಗುತ್ತಾ ಹೋಗುವ ಅಕ್ಷರಗಳು.

"ಇವಳ ಎಡಗಣ್ಣು ಯಾವತ್ತಾದ್ರೂ ತೋರಿಸಿದ್ರಾ?" ಅಂದ ಕಣ್ಣು ನೋಡುವವನು.

"ಅವಳಿಗೇನಾಗಿದೆ? ಶಾಲೇಲಿ ಕ್ಯಾಂಪ್ ಮಾಡಿದ್ರಲ್ಲ. ಎಲ್ಲ ಸರಿಯಿದೆ ಅಂತ ಬರೆದು ಕಳಿಸಿದ್ರು."

"ನೀವೇ ನೋಡಿ." ಅವನು ಮಗಳ ಎಡಗಣ್ಣಿಗೆ ಕಪ್ಪು ಚಮಚ ಅಡ್ಡ ಹಿಡಿದ. "ಓದಮ್ಮ." ಅವಳು ಗಳಗಳ ಓದಿದಳು, ಅತಿ ಸಣ್ಣ ಸಾಲಿನವರೆಗೆ. ಅವನು ಚಮಚವನ್ನು ಬಲಗಣ್ಣಿಗೆ ದಾಟಿಸಿದ. "ಈಗ ಓದು." ಅದನ್ನೂ ಅಷ್ಟೇ ಗಳಗಳ, ಒಂದಕ್ಷರ ತಪ್ಪದೆ. ತಾಯಿಯ ಮುಖದಲ್ಲಿ ತಿರಸ್ಕಾರದ ನಗು ಬಂತು. ಈ ಮುದುಕನಿಗೇ ಕಾಣುವುದಿಲ್ಲ, ಪಕ್ಕದವರ ಕಣ್ಣು ನೋಡಲು ಬಂದಿದ್ದಾನೆ. ಅವನು ಸುಮ್ಮನೆ ಒಂದು ಗುಂಡಿ ಒತ್ತಿದ. ಹಲಗೆಯ ಅಕ್ಷರಗಳು ಬದಲಾದವು. "ಈಗ?"

ಮಗಳು ಓದಲಿಲ್ಲ. ಕುತ್ತಿಗೆಯನ್ನು ಮುಂದೆ ಚಾಚಿದಳು, ತಲೆಯನ್ನು ಓರೆ ಮಾಡಿ ಚಮಚದ ಪಕ್ಕದಿಂದ ಇಣುಕಲು ನೋಡಿದಳು, ಅವನು ಬಿಡಲಿಲ್ಲ. "ಮೇಲಿನ ದೊಡ್ಡ ಅಕ್ಷರ?" "ಏನೋ ಕಪ್ಪಗಿದೆ," ಅಂದಳು. ಅವನು ಅವಳ ಮೂಗಿನ ಹತ್ತಿರ ಬೆರಳು ಹಿಡಿದು ಎಷ್ಟು ಎಂದು ಕೇಳಿದ. ಅವಳು ಬಹಳ ಹೊತ್ತು ಯೋಚಿಸಿ ತಪ್ಪು ಹೇಳಿದಳು.

"ನಾಟಕ ಮಾಡ್ಬೇಡ," ಎಂದಳು ತಾಯಿ. "ಈಗ ತಾನೇ ಓದಿದ್ಯಲ್ಲ."

"ಅದು ಜ್ಞಾಪಕದಿಂದ ಹೇಳಿದ್ದು," ಎಂದಳು ಮಗಳು. ದನಿಯಲ್ಲಿ ನಾಟಕವಿರಲಿಲ್ಲ. "ಮೊದಲು ನೋಡಿ ಓದೋದು, ಆಮೇಲೆ ಮುಚ್ಚಿಕೊಂಡು ಜ್ಞಾಪಕದಿಂದ ಹೇಳೋದು. ಶಾಲೇಲೂ ಹಾಗೇ ಮಾಡಿದ್ರು. ನಾನು ಒಂದೂ ತಪ್ಪಿರ್ಲಿಲ್ಲ."

ಕಣ್ಣು ನೋಡುವವನು ಚಮಚವನ್ನು ಕೆಳಗಿಟ್ಟ. "ಮಗೂ, ಈ ಕಣ್ಣಲ್ಲಿ ಸರಿಯಾಗಿ ಕಾಣಲ್ಲ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾರಿಗೂ ಯಾಕೆ ಹೇಳ್ಲಿಲ್ಲ?"

ಅವಳು ತಾಯಿಯ ಕಡೆ ನೋಡಿದಳು, ಇದು ಬೈಸಿಕೊಳ್ಳುವ ಪ್ರಶ್ನೆಯೋ ಅಲ್ಲವೋ ಎಂದು ತಿಳಿಯಲು. "ಎಲ್ಲರಿಗೂ ಹಾಗೇ ಅಂದ್ಕೊಂಡಿದ್ದೆ," ಅಂದಳು. "ಒಂದು ಕಣ್ಣು ನೋಡೋಕೆ, ಇನ್ನೊಂದು ಜೊತೆಗೆ ಇರೋಕೆ."

ಅವನು ವಿವರಿಸಿದ. ಹುಟ್ಟಿದಾಗಿನಿಂದ ಎರಡು ಕಣ್ಣಿನ ನೋಟದಲ್ಲಿ ಬಹಳ ವ್ಯತ್ಯಾಸ ಇದ್ದಿರಬೇಕು. ಮಿದುಳು ಸ್ಪಷ್ಟವಾಗಿದ್ದನ್ನು ಇಟ್ಟುಕೊಂಡು ಮಸುಕಾದದ್ದನ್ನು ಕೈಬಿಟ್ಟಿದೆ. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಎಷ್ಟು ದೂರ, ಎಷ್ಟು ಹತ್ತಿರ ಅನ್ನುವ ಅಂದಾಜು ತಪ್ಪುತ್ತದೆ. ಲೋಟಕ್ಕೆ ಬಗ್ಗಿಸಿದ್ದು ಹೊರಗೆ ಹೋಗಬಹುದು, ಚೆಂಡು ಹಿಡಿಯಲು ಆಗದಿರಬಹುದು. ಮನೇಲಿ ಯಾರೂ ಗಮನಿಸಲಿಲ್ಲವೇ ಎಂದು ಅವನು ಕೇಳಲಿಲ್ಲ, ಕೇಳದೇ ಇದ್ದದ್ದೇ ತಾಯಿಗೆ ಹೆಚ್ಚು ಉರಿಯಿತು. ಸಣ್ಣವಳಿದ್ದಾಗಲೇ, ಶಾಲೆಗೆ ಸೇರುವ ಹೊತ್ತಿಗೇ ಕರೆದುಕೊಂಡು ಬಂದಿದ್ದರೆ ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಿ, ಕನ್ನಡಕ ಕೊಟ್ಟು, ಈ ಕಣ್ಣನ್ನು ಕೆಲಸಕ್ಕೆ ಹಚ್ಚಬಹುದಿತ್ತು. ಈಗಲೂ ಪ್ರಯತ್ನ ಪಡಬಹುದು. ಅಲ್ಪಸ್ವಲ್ಪ ಬರಬಹುದು, ಬರದೇ ಇರಬಹುದು, ಭರವಸೆ ಕೊಡಲು ಆಗುವುದಿಲ್ಲ.

"ಬಂದಿದ್ದೆವಲ್ಲ," ಎಂದಳು ಅವಳು. ತನ್ನ ದನಿ ತನಗೇ ಅಸಹ್ಯವಾಗಿ ಕೇಳಿಸಿತು. "ಇವಳು ಸಣ್ಣವಳಿದ್ದಾಗ ಎಷ್ಟೋ ಸಲ ಇಲ್ಲಿಗೆ ಬಂದಿದ್ದೆವು. ಇದೇ ಬಾಗಿಲಿನ ಹೊರಗೆ ಕೂತಿದ್ಲು." ಅವನು ಸುರುಳಿಯಿಂದ ಒಂದು ತುಂಡು ಹತ್ತಿ ಕಿತ್ತ. "ಇದು ಆ ರಕ್ತದ ಸಮಾಚಾರಕ್ಕೆ ಸೇರಿದ್ದಾ? ನನ್ನ ರಕ್ತದಿಂದ ಇವಳಿಗೂ ಏನಾದ್ರೂ ಆಗಿರಬಹುದಾ?" ಹೌದು ಎನ್ನಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಳು. ಎರಡು ಸೊನ್ನೆ ಬರೆದು ತೋರಿಸಲಿ, ಬಾಣ ಎಳೆಯಲಿ, ಸೈನ್ಯ ಗೀನ್ಯ ಎಂದು ಏನಾದರೂ ಹೇಳಲಿ. "ಇಲ್ಲಮ್ಮ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ," ಎಂದ ಅವನು. "ಇದು ಯಾರ ಮಕ್ಕಳಿಗೆ ಬೇಕಾದ್ರೂ ಇರತ್ತೆ. ನೋಡಿದ್ರೆ ಗೊತ್ತಾಗತ್ತೆ, ಅಷ್ಟೆ." ಹೀಗೆನ್ನುತ್ತಾ ಮಗಳ ಬಲಗಣ್ಣಿನ ಮೇಲೆ ಹತ್ತಿಯಿಟ್ಟು, ಅದರ ಮೇಲೆ ಬಿಳಿ ಪಟ್ಟಿ ಅಂಟಿಸಿದ. ಕಣ್ಣಿನ ಡಾಕ್ಟರು ಊಟಕ್ಕೆ ಹೋಗಿದ್ದಾರೆ, ಬರುವವರೆಗೆ ಹೀಗೇ ಇರಲಿ, ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಏನಾದರೂ ಕುಡಿಸಿ, ಆ ಕಣ್ಣೊಂದರಲ್ಲೇ ಏನು ಮಾಡುತ್ತಾಳೆ, ಏನು ಆಗುವುದಿಲ್ಲ ಎಂದು ನೀವೇ ನೋಡಿಕೊಂಡು ಬಂದು ಹೇಳಿ.

ಕಾರಿಡಾರಿನಲ್ಲಿ ಅವಳಿಗೆ ಮೊದಲು ಬಂದದ್ದು ಸಿಟ್ಟೇ. ಹೇಳಬಾರದಿತ್ತೇ. ಇಷ್ಟು ದೊಡ್ಡವಳಾಗಿದ್ದಾಳೆ, ಬಾಯಿಲ್ಲವೇ. ಹನ್ನೆರಡು ವರ್ಷ ನನ್ನನ್ನು ಮೂರ್ಖಳನ್ನಾಗಿ ಮಾಡಿದಳು, ಭೂತಗನ್ನಡಿಯಂತೆ, ಭೂತಗನ್ನಡಿ, ಥೂ. ಮಗಳು ಒಂದು ಕೈಯನ್ನು ಗೋಡೆಗೆ ಸವರಿಕೊಂಡು ನಡೆಯುತ್ತಿದ್ದಳು, ಇನ್ನೊಂದು ಕೈ ಗಾಳಿಯಲ್ಲಿ ತಾಯಿಯ ಸೆರಗಿನ ಹತ್ತಿರ ಬಂದು, ಮುಟ್ಟದೆ, ಹಿಂದೆ ಹೋಗುತ್ತಿತ್ತು. ಅದನ್ನು ನೋಡಿದ್ದೇ ಸಿಟ್ಟು ಎಲ್ಲಿಗೋ ಸೋರಿ ಹೋಯಿತು. ಸಿಟ್ಟಿದ್ದಾಗಲೇ ವಾಸಿಯಿತ್ತು. ಎದುರಿಗೆ ಬಂದವರು ಪಟ್ಟಿ ಕಟ್ಟಿದ ಹುಡುಗಿಗೆ ದಾರಿ ಬಿಟ್ಟು, ಪಾಪ ಎನ್ನುವ ಮುಖ ಮಾಡಿ ತಾಯಿಯನ್ನು ನೋಡಿದರು. ಎಂಥ ಸಹನೆಯ ತಾಯಿ ಎಂದುಕೊಂಡಿರಬೇಕು ಆ ಪೆದ್ದರು. ಅವರನ್ನು ಹೀಯಾಳಿಸಲು ಅವಳ ನಾಲಿಗೆ ತುದಿಗೆ ಬಂದ ಮಾತು ಯಾವುದೂ ಅವರಿಗೆ ಹೊಂದಲಿಲ್ಲ, ತಿರುಗಿ ತಿರುಗಿ ಅವಳಿಗೇ ಬಂದು ಹೊಂದುತ್ತಿತ್ತು.

ಕ್ಯಾಂಟೀನಿನಲ್ಲಿ ಮೂವರೂ ಕೂತರು. ಚಿಕ್ಕವನಿಗೆ ಬನ್ನು, ದೊಡ್ಡವಳಿಗೆ ಹಾಲು. ಮಗಳು ಲೋಟದ ಕಡೆ ಕೈ ಚಾಚಿದಳು, ಕೈ ಲೋಟ ದಾಟಿ ಮೇಜಿನ ಅಂಚಿಗೆ ಹೋಯಿತು. ವಾಪಸು ಬಂದು, ಬೆರಳಿನಿಂದ ಮೇಜನ್ನು ಸವರುತ್ತಾ ಸವರುತ್ತಾ ಲೋಟದ ಬುಡ ಸಿಕ್ಕಿದ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಚೆಲ್ಲಕ್ಕ, ಹುಷಾರು," ಎಂದ ಚಿಕ್ಕವನು.

"ಹಾಗನ್ಬೇಡ," ಎಂದಳು ಅವಳು.

"ಯಾಕೆ? ನೀನೂ ಅಂತೀಯಲ್ಲ."

ಅವಳು ಬನ್ನಿನ ತಟ್ಟೆಯನ್ನು ಅವನ ಹತ್ತಿರಕ್ಕೆ ಸರಿಸಿದಳು. ಮಗಳ ಮುಖವನ್ನು ನೋಡುತ್ತಿದ್ದಳು. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ಅದನ್ನು ಯಾವಾಗ ನೋಡಿದ್ದಳೋ ನೆನಪಿಲ್ಲ. ಹುಬ್ಬಿನ ಪಕ್ಕ ಒಂದು ಹಳೆಯ ಗಾಯದ ಗುರುತಿತ್ತು, ಯಾವಾಗ ಬಿದ್ದದ್ದೋ, ಎಲ್ಲಿ ಹೊಡೆದುಕೊಂಡದ್ದೋ. ಚಿಕ್ಕವನ ಮೈಮೇಲಿನ ಒಂದೊಂದು ತರಚಿನ ಚರಿತ್ರೆ ಅವಳಿಗೆ ಬಾಯಿಪಾಠವಿತ್ತು. ಎಡಗಣ್ಣು ಸುಮ್ಮನೆ ತೆರೆದುಕೊಂಡಿತ್ತು, ಕಪ್ಪಾಗಿ, ಹೊಳೆಯುತ್ತಾ, ಯಾವ ಊನವೂ ಕಾಣದಂತೆ. ಪಟ್ಟಿಯ ಒಂದು ಅಂಚು ಕೆನ್ನೆಯ ಹತ್ತಿರ ಎದ್ದು ಬರುತ್ತಿತ್ತು, ಅದರಡಿ ಒಂದೆರಡು ಕೂದಲು ಸಿಕ್ಕಿಕೊಂಡಿದ್ದವು. ಕೂದಲು ಬಿಡಿಸಿ ಅಂಚನ್ನು ಒತ್ತೋಣವೆಂದು ಅವಳು ಮೇಜಿನ ಮೇಲಿನಿಂದ ಕೈ ಚಾಚಿದಳು.

ಮಗಳು ತಟ್ಟನೆ ತಲೆ ತಗ್ಗಿಸಿ ಮೊಣಕೈಯನ್ನು ಮುಖಕ್ಕೆ ಅಡ್ಡ ಹಿಡಿದಳು. ಇನ್ನೊಂದು ಕೈ ಲೋಟವನ್ನು ಬಿಗಿಯಾಗಿ ಮೇಜಿಗೆ ಒತ್ತಿತ್ತು. "ಚೆಲ್ಲಿಲ್ಲಮ್ಮ," ಅಂದಳು ಮೊಣಕೈಯ ಹಿಂದಿನಿಂದ, "ನಾನು ಚೆಲ್ಲಿಲ್ಲ."

ಪಕ್ಕದ ಮೇಜಿನವರು ತಿರುಗಿ ನೋಡಿದರು. ಅಲ್ಲಿ ಬ್ಲಾಕ್ ಮೇಡಂ ಕೂಡ ಇದ್ದಳು, ಕೈಯಲ್ಲಿ ಟೀ ಲೋಟ ಹಿಡಿದು. ಅವಳು ಈ ಸಲ ವೆರಿ ಗುಡ್ ಅನ್ನಲಿಲ್ಲ.

"ಹೊಡೆಯಲ್ಲ ಕಣೆ," ಎಂದ ಚಿಕ್ಕವನು, ಬಾಯಿ ತುಂಬ ಬನ್ನು ಇಟ್ಟುಕೊಂಡು. "ಪಟ್ಟಿ ಅಂಟಿಸ್ತಾಳೆ ಅಷ್ಟೆ."

ಮೊಣಕೈ ನಿಧಾನವಾಗಿ ಇಳಿಯಿತು. ಮಗಳು ಮುಖವನ್ನು ಮುಂದೆ ಮಾಡಿ, ಆ ಕಣ್ಣನ್ನು ತಾಯಿ ಇರಬಹುದಾದ ಕಡೆಗೆ ತಿರುಗಿಸಿ, ತಪ್ಪು ಮಾಡಿದವಳ ಹಾಗೆ ಸಣ್ಣಗೆ ನಕ್ಕಳು. "ಹತ್ತಿರ ಬರೋ ಮುಂಚೆ ಹೇಳಮ್ಮ," ಅಂದಳು. "ಇನ್ನೊಂದು ಕಣ್ಣಿದ್ರೆ ನಿನ್ನ ಮುಖ ನೋಡಿ ಯಾಕೆ ಕೈ ಎತ್ತಿದೀಯ ಅಂತ ತಿಳ್ಕೊಳ್ತೀನಿ. ಇದರಲ್ಲಿ ಗೊತ್ತಾಗಲ್ಲ."

ಅವಳ ಕೈ ಇನ್ನೂ ಮೇಜಿನ ಮೇಲೆ, ಅರ್ಧ ದಾರಿಯಲ್ಲಿತ್ತು. ಹೇಳಬೇಕೆಂದು ಬಾಯಿ ತೆರೆದಳು. ಮಗಳು ಕಾಯುತ್ತಿದ್ದಳು, ಮಗ ಬನ್ನು ಅಗಿಯುವುದನ್ನು ನಿಲ್ಲಿಸಿದ್ದ. ಈ ಹುಡುಗಿಯ ಹತ್ತಿರ ಬೈಯದೆ ಮಾತಾಡುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.